ಹಕ್ಕಿ ಕೊನೆಯ ಮನೆಗೆ ಬಂದಾಗ

ಕಿಟಕಿ ಪಕ್ಕದ ಹುಡುಗಿ ಆಕಳಿಸುತ್ತಾಳೆ, ಆಕಳಿಕೆ ಬೆಂಚಿನಿಂದ ಬೆಂಚಿಗೆ ದಾಟುತ್ತದೆ, ಬೆಳಕಿನ ಹಾಗೆ ನೇರವಾಗಿಯೂ ಅಲ್ಲ, ಶಬ್ದದ ಹಾಗೆ ಸುತ್ತಲೂ ಅಲ್ಲ, ಯಾವ ಮಾಧ್ಯಮದಲ್ಲಿ ಹರಡುತ್ತದೋ ಇದು, ನನ್ನ ದವಡೆಯವರೆಗೂ ಬಂದು ನಿಂತಿದೆ, ತಡೆದುಕೊಳ್ಳಬೇಕು, ಊಟದ ನಂತರದ ಪೀರಿಯಡ್ ಎಂದರೆ ಹೀಗೇ, ಬೆಳಗ್ಗೆ ಬೋರ್ಡಿನ ಮೇಲೆ ಬರೆದ ವಕ್ರೀಭವನದ ಚಿತ್ರ ಅರ್ಧ ಅಳಿಸಿ ಉಳಿದಿದೆ, ಗಾಜಿನ ಒಳಗೆ ಹೋದ ಕಿರಣ ಹೊರಗೆ ಬಂದೇ ಇಲ್ಲ — ಇವರೆಲ್ಲ ಕಾಯುತ್ತಿದ್ದಾರೆ, ನನ್ನ ಕಥೆಯ ಹಕ್ಕಿಗೆ ಏನಾಯಿತೆಂದು, ಇವತ್ತು ಹೇಳಲೇಬೇಕು, ನಾಳೆಯಿಂದ ಈ ಪೀರಿಯಡ್ ನನ್ನದಲ್ಲ, ನಾಳೆಯಿಂದ ಟ್ಯಾಬ್, ಹೆಡ್‌ಮಿಸ್ ಕನ್ನಡಕ ಒರೆಸುತ್ತಾ ಹೇಳಿಯಾಗಿದೆ, ನೀವು ಕಥೆ ಹೇಳಿದ್ದಕ್ಕೆ ಪುರಾವೆ ಏನಿದೆ ಹೇಳಿ ಮೇಡಂ, ಟ್ಯಾಬಲ್ಲಿ ಓದಿದ್ರೆ ಯಾವ ಮಗು ಎಷ್ಟು ಹೊತ್ತು ಓದ್ತು ಅಂತ ಪೇರೆಂಟ್ಸ್‌ಗೆ ಕೂತಲ್ಲೇ ಕಾಣುತ್ತೆ, ಸೈನ್ಸ್ ಓದಿದ ನೀವೇ ಅಳತೆ ಬೇಡ ಅಂದ್ರೆ ಹೇಗೆ — ಅಳತೆ ಬೇಡವೆಂದು ನಾನೆಂದೂ ಅನ್ನಲಿಲ್ಲ, ಉಪಕರಣ ಯಾವುದನ್ನು ಅಳೆಯುತ್ತಿದೆ ಎಂದಷ್ಟೇ ಕೇಳಿದೆ, ಪುಟ ಸರಿಸಿದ ಬೆರಳನ್ನೋ, ಪುಟದಲ್ಲಿ ಉಳಿದ ಕಣ್ಣನ್ನೋ, ಆದರೆ ಬೆರಳಿನ ವಿಷಯದಲ್ಲಿ ನಾನೇನು ಮೇಲು, ಭಾನುವಾರ ದಪ್ಪ ಕಾದಂಬರಿಯೊಂದನ್ನು ಹಿಡಿದು ಕೂತೆ, ಎರಡನೆಯ ಪುಟ ಮುಗಿಯುವ ಮೊದಲೇ ಹೆಬ್ಬೆರಳು ತಾನಾಗಿ ಕಾಗದವನ್ನು ಮೇಲಕ್ಕೆ ತಳ್ಳಿತು, ಕಾಗದ ಜಪ್ಪಯ್ಯ ಅನ್ನಲಿಲ್ಲ, ಯಾರಾದರೂ ನೋಡಿದರೇ ಎಂದು ಖಾಲಿ ಕೋಣೆಯಲ್ಲಿ ಸುತ್ತ ನೋಡಿದೆ, ಒಂದು ಕಾಲಕ್ಕೆ ನಾನು ಓದುತ್ತಾ ಕೂತರೆ ಅಮ್ಮ ಮೂರು ಸಲ ಕೂಗಬೇಕಿತ್ತು, ಆ ಕಿವುಡು ಎಲ್ಲಿ ಹೋಯಿತು, ಅದು ಮತ್ತೆ ಬೇಕು ನನಗೆ, ಇವರಿಗೂ ಬೇಕು.

ಮೊದಲೆಲ್ಲ ಪುಸ್ತಕವನ್ನೇ ಓದಿ ಹೇಳುತ್ತಿದ್ದೆ, ಉಸಿರು ಬಿಗಿಹಿಡಿಯುವ ಕಡೆಗೆ ಬಂದಾಗ ತಟ್ಟನೆ ಮುಚ್ಚಿಬಿಡುವುದು ನನ್ನ ಪದ್ಧತಿ, ಕುತೂಹಲ ಕಾಳಿನ ಹಾಗೆ ಒಂದು ರಾತ್ರಿ ನೆನೆಯಲಿ ಎಂದು, ಬೆಳಗ್ಗೆ ಬಂದರೆ ಮುಂದಿನ ಬೆಂಚಿನ ವಕೀಲ — ಎಲ್ಲದಕ್ಕೂ ವಾದ ಹೂಡುತ್ತಾನೆಂದು ತರಗತಿಯೇ ಇಟ್ಟ ಹೆಸರು — ಟೀಚರ್ ಆ ನಾವಿಕ ಸಾಯಲ್ಲ, ನಾನು ಮೊಬೈಲಲ್ಲಿ ನೋಡ್ದೆ, ಉಳಿದವರು, ಅಯ್ಯೋ ಅದು ನಮಗೂ ಗೊತ್ತು ಬಿಡೋ, ಕೊನೇಲಿ ಮನೆಗೇ ಬರ್ತಾನೆ, ಕಾಯುವ ಸುಖವೇ ಇವರ ಕೈಯಿಂದ ಜಾರಿಹೋಗಿದೆ ಅನ್ನಿಸಿ ಅಮ್ಮನ ಕಥೆ ತೆಗೆದೆ, ಎಲ್ಲಿಯೂ ಅಚ್ಚಾಗದ್ದು, ಅಮ್ಮನ ಬಾಯಲ್ಲಷ್ಟೇ ಇದ್ದದ್ದು, ಸ್ವರ ಕಳೆದುಕೊಂಡ ಹಕ್ಕಿ ಅದನ್ನು ಹುಡುಕುತ್ತಾ ಹೊರಡುತ್ತದೆ, ಕಮ್ಮಾರನ ಮನೆ, ಗಡಿಯಾರದವನ ಮನೆ, ದೋಣಿಯವಳ ಮನೆ, ಸ್ವರವೇ ಇಲ್ಲದ ಮೇಲೆ ಕೇಳುವುದು ಹೇಗೆ, ಕೊಕ್ಕಿನಿಂದ ಬಾಗಿಲು ಕುಟ್ಟುತ್ತದೆ, ಮರುದಿನ ಇಡೀ ತರಗತಿ ಎದ್ದು ನಿಂತು, ಎಲ್ಲೂ ಇಲ್ಲ ಟೀಚರ್, ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ, ಆ ಮುಖಗಳ ಹಸಿವು, ಎಷ್ಟು ವರ್ಷಗಳಾಗಿತ್ತು ಅದನ್ನು ನೋಡಿ, ವಕೀಲ ಮಾತ್ರ ಯಾವುದೋ ಆ್ಯಪನ್ನು ಕೇಳಿ ಬಂದಿದ್ದ, ಒಂದ್ಸಲ ಸ್ವರ ಕಾಡಲ್ಲಿ ಸಿಕ್ತು ಅಂತು, ಇನ್ನೊಂದ್ಸಲ ಸಮುದ್ರದಲ್ಲಿ ಅಂತು, ಬಿಡಿ ಟೀಚರ್ ಅದು ಬುರುಡೆ ಬಿಡ್ತಿದೆ, ನಾನೂ ನಕ್ಕೆ, ಗೆದ್ದೆ ಅಂದುಕೊಂಡೆ, ಮನೆಗೆ ಹೋಗಿ ಮುಂದಿನದನ್ನು ಕ್ರಮವಾಗಿ ಜೋಡಿಸಿಕೊಳ್ಳಲು ಕೂತಾಗ ಗೊತ್ತಾಯಿತು, ಕೊನೆ ನನಗೂ ತಿಳಿದಿಲ್ಲ, ಕೇಳಿಯೇ ಇಲ್ಲ, ಚಿಕ್ಕಂದಿನಲ್ಲಿ ಪ್ರತಿ ಮಧ್ಯಾಹ್ನವೂ ಅದಕ್ಕೆ ಮೊದಲೇ ನಿದ್ದೆ, ಕೊನೆ ಹೇಳಮ್ಮಾ ಎಂದರೆ, ನಾಳೆ ಹೇಳ್ತೀನಿ, ಮೊದಲು ಕಣ್ಣು ಮುಚ್ಚು.

ಕಟ್ಟಿ ಹೇಳಬಹುದು, ಆದರೆ ತೆಗೆಯದ ಅಳತೆಯನ್ನು ಕೋಷ್ಟಕದಲ್ಲಿ ತುಂಬಬಾರದೆಂದು ಪ್ರಯೋಗಾಲಯದಲ್ಲಿ ಇವರಿಗೆ ಹೇಳುವವಳೇ ನಾನು, ಅಮ್ಮನನ್ನೇ ಕೇಳೋಣವೆಂದರೆ ಅಮ್ಮ ತೀರಿಕೊಂಡು ಎರಡು ವರ್ಷ, ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಯಾರದೋ ದನಿಯನ್ನು ಯಾರಿಗೋ ಜೋಡಿಸುತ್ತಿದ್ದ ಅಮ್ಮ, ಅವಳ ದನಿಯೇ ಈಗ ಮಸುಕು, ಮಾತು ನೆನಪಿದೆ, ಏರಿಳಿತ ನೆನಪಿಲ್ಲ, ನನ್ನ ಫೋನಿನ ತುಂಬ ಅವಳ ಫೋಟೋಗಳಿವೆ, ದನಿಯ ಒಂದು ತುಣುಕೂ ಇಲ್ಲ, ಅದಕ್ಕೇ ಈಗಷ್ಟೇ ಊಟದ ಬಿಡುವಿನಲ್ಲಿ ಮೆಟ್ಟಿಲ ಕೆಳಗೆ ನಿಂತು ಅಣ್ಣನಿಗೆ ಫೋನ್ ಮಾಡಿದೆ, ಆ ಹಕ್ಕಿ ಕಥೆ ಹೇಗೆ ಮುಗಿಯುತ್ತೋ, ಅಣ್ಣ ಜೋರಾಗಿ ನಕ್ಕ, ಲೇ ಮಂಕೇ, ಅದು ಮುಗಿಯೋ ಕಥೆನೇ ಅಲ್ಲ ಕಣೆ, ನಿನಗೆ ನಿದ್ದೆ ಹತ್ತೋವರೆಗೂ ಆ ಹಕ್ಕಿ ಪಾಪ ಮನೆಮನೆ ಸುತ್ತಬೇಕಿತ್ತು, ನೀನು ಮಲಗದೆ ಅಮ್ಮ ಸೆಕೆಂಡ್ ಶಿಫ್ಟಿಗೆ ಹೊರಡೋ ಹಾಗಿರಲಿಲ್ಲ, ಅವಳು ಹೋಗೋದು ಕಂಡ್ರೆ ನೀನು ಮಾಡ್ತಿದ್ದ ರಂಪ ದೇವರಿಗೇ ಪ್ರೀತಿ, ಮತ್ತೆ ನಿನಗೆ ಹೇಗೆ ಗೊತ್ತೋ ಅಂದೆ, ನಾನು ಮಲಗಿದ ಹಾಗೆ ನಾಟಕ ಮಾಡ್ತಿದ್ದೆ ಕಣೆ, ರೆಪ್ಪೆ ಸಂದೀಲಿ ನೋಡ್ತಿದ್ದೆ, ಮಾತು ಅರ್ಧಕ್ಕೇ ನಿಲ್ಲಿಸಿ ಏಳ್ತಿದ್ದಳು, ಸದ್ದಾಗಬಾರದು ಅಂತ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು, ಹೊಸ್ತಿಲಲ್ಲಿ ತಿರುಗಿ ನಿನ್ನನ್ನ ನೋಡ್ತಿದ್ದಳು, ಆಮೇಲೆ ಅಣ್ಣ ನಗಲಿಲ್ಲ, ಇಡ್ತೀನಿ ಕಣೆ, ಯಾರೋ ಬಂದ್ರು — ಚಪ್ಪಲಿ ಕೈಯಲ್ಲಿ, ಸಂಜೆ ಎದ್ದಾಗ ಪಕ್ಕದ ದಿಂಬಿನಲ್ಲಿ ತಗ್ಗು ಮಾತ್ರ ಇರುತ್ತಿತ್ತು, ನಾನು ಸಿಟ್ಟಿನಿಂದ ಅದನ್ನು ತಟ್ಟಿ ಸಮ ಮಾಡುತ್ತಿದ್ದೆ, ಒಂದೇ ಒಂದು ಮಧ್ಯಾಹ್ನ ಎಚ್ಚರವಿದ್ದಿದ್ದರೆ, ಶುರು ಮಾಡಿ ಟೀಚರ್, ಬೆಲ್ ಹೊಡೆದುಬಿಡ್ತಾರೆ, ಹೌದು, ಶುರು ಮಾಡುತ್ತೇನೆ, ಹಕ್ಕಿ ಕೊನೆಯ ಮನೆಗೆ ಬಂತು, ಬಾಗಿಲು ಸ್ವಲ್ಪ ತೆರೆದಿತ್ತು, ಒಳಗೆ ಒಂದು ಮಗು ಮಲಗಿತ್ತು, ಹಕ್ಕಿಯ ಸ್ವರ ಆ ಮಗುವಿನ ಹತ್ತಿರವೇ ಇತ್ತು — ಇದನ್ನು ಯಾರು ಹೇಳಿದರು, ಅಮ್ಮ ಹೇಳಲಿಲ್ಲ, ಅಣ್ಣನೂ ಹೇಳಲಿಲ್ಲ, ಆದರೂ ಇದು ಕಟ್ಟಿದ್ದಲ್ಲ — ಕುಟ್ಟಿದರೆ ಮಗುವಿಗೆ ಎಚ್ಚರವಾಗುತ್ತೆ, ಅದಕ್ಕೇ ಹಕ್ಕಿ ಕುಟ್ಟಲಿಲ್ಲ, ವಕೀಲ ಎದ್ದೇಬಿಟ್ಟ, ಅಂದ್ರೆ ಸ್ವರ ತಗೊಳ್ದೇ ಹೋಗ್ಬಿಡ್ತಾ, ಅನ್ಯಾಯ ಟೀಚರ್, ಮೆಲ್ಲಗೆ ಕುಟ್ಟಬಹುದಿತ್ತಲ್ಲ, ಹಿಂದಿನವಳು ಅವನ ಅಂಗಿ ಹಿಡಿದು ಎಳೆಯುತ್ತಾಳೆ, ಕೂತ್ಕೊಳೋ ಸಾಕು, ಇಷ್ಟು ಕಣ್ಣುಗಳು, ಒಂದೂ ಕೆಳಗೆ ನೋಡುತ್ತಿಲ್ಲ, ಆಮೇಲೆ ಟೀಚರ್, ಆಮೇಲೆ ಹಕ್ಕಿ ಒಳಗೆ ಹೋಗಿ ಮಗುವಿನ ಪಕ್ಕ ಸ್ವಲ್ಪ ಹೊತ್ತು ಕೂತು ಎದ್ದಿತು, ಸದ್ದಾಗಬಾರದೆಂದು ರೆಕ್ಕೆಯನ್ನೂ ಬಡಿಯದೆ ನಡೆದೇ ಬಂತು, ಹೊಸ್ತಿಲಲ್ಲಿ ನಿಂತಿತು, ತಿರುಗಿತು, ಆಮೇಲೆ, ಆಮೇಲೆ ಹೇಳಿ ಟೀಚರ್, ಬಾಯಿ ತೆರೆದಿದೆ, ಮಾತು ಬರುತ್ತಿಲ್ಲ, ಹೊಸ್ತಿಲ ಮೇಲೆ ಬರಿಗಾಲು, ಕೈಯಲ್ಲಿ ಚಪ್ಪಲಿ, ಇತ್ತ ತಿರುಗಿದ ಮುಖ, ಬರಿಗಾಲು, ಕೈಯಲ್ಲಿ ಚಪ್ಪಲಿ, ಕೈಯಲ್ಲಿ —