ಎದೆ ಗೆದ್ದವನ ಬೆನ್ನು

ಎದೆಯ ಅಳತೆಯಲ್ಲಿ ಗೆದ್ದು ಎತ್ತರದಲ್ಲಿ ಸೋತು ಬಂದ ನನ್ನ ಸೋದರಳಿಯ ಶಿವಶರಣನು ದೋಷವನ್ನೆಲ್ಲ ಅಳತೆಗೋಲಿನ ಮೇಲೆ ಹೊರಿಸಿದ. ಯಾದಗಿರಿಯ ಮೈದಾನದಲ್ಲಿ ಪೊಲೀಸ್ ಭರ್ತಿಗೆ ನಿಂತ ಸಾಲಿನಲ್ಲಿ ಅವನಷ್ಟು ಉಬ್ಬಿದ ಎದೆ ಇನ್ನೊಂದಿರಲಿಲ್ಲವಂತೆ. ಎತ್ತರ ಮಾತ್ರ ಅರ್ಧ ಬೆರಳು ಕಡಿಮೆ ಬಿತ್ತಂತೆ. ಜಿಮ್ ಸೇರುವ ಮೊದಲು ಇದೇ ಹುಡುಗ ಭರ್ತಿಗೆ ಬೇಕಾದ ಎತ್ತರವನ್ನು ದಾಟಿದ ಗುರುತು ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಇನ್ನೂ ಇದೆ. ಮುದುಕನಾದ ನಾನು ಕುಗ್ಗದಿರುವಾಗ ಪ್ರಾಯದವನು ಕುಗ್ಗುವುದೆಂದರೇನು? ಅವನ ವಯಸ್ಸಿಗೆ ಇನ್ನೊಂದೇ ಭರ್ತಿಯ ಅವಕಾಶ ಉಳಿದಿತ್ತು.

ಅವನನ್ನು ಕುಗ್ಗಿಸಿದ ಕಾರ್ಖಾನೆ ನಮ್ಮೂರು ರಂಗಂಪೇಟೆಯಲ್ಲಿಯೇ ಇತ್ತು: ಹಣಮಂತ್ರಾಯನ ಜಿಮ್. ಎದುರಿನ ಗೋಡೆಯ ತುಂಬ ಕನ್ನಡಿ. ಅದರಲ್ಲಿ ಎದೆ ಕಾಣುತ್ತದೆ, ತೋಳು ಕಾಣುತ್ತದೆ, ಬೆನ್ನು ಕಾಣುವುದಿಲ್ಲ. ಕಾಣದ ಅಂಗಕ್ಕೆ ಅಲ್ಲಿ ವ್ಯಾಯಾಮವೂ ಇಲ್ಲ. ಬೆಂಚಿನ ಮೇಲೆ ಮಲಗಿ ಭಾರ ಎತ್ತುವುದು, ಎದ್ದು ಫೋಟೊ ತೆಗೆದುಕೊಳ್ಳುವುದು, ಆ ಫೋಟೊದ ಮೇಲೆ ಕತ್ತು ಬಗ್ಗಿಸಿ ಸಂಜೆಯವರೆಗೆ ಕುಳಿತಿರುವುದು: ಅಲ್ಲಿಯ ವಿದ್ಯೆಯೆಲ್ಲ ಇಷ್ಟೇ.

"ಇನ್ನಷ್ಟ್ ಭಾರ ಏರಸೂಣು ತಮ್ಮಾ. ಎದಿ ಮುಂದ ಬಂದ್ರ ಎತ್ತರ ತಾನ ಬರ್ತದ," ಎಂದು ಹಣಮಂತ್ರಾಯ ಸಮಾಧಾನ ಹೇಳಿ ಕಳಿಸಿದ್ದನಂತೆ.

ನಾನು ಶಿವಶರಣನ ಅಂಗಿ ತೆಗೆಸಿ ಪಕ್ಕದಿಂದ ನೋಡಿದೆ. "ಎತ್ತಿನ ಹೆಗಲ ಮ್ಯಾಲ ಇಣಿ ಬೆಳದಂಗ ಬೆಳದದಲ್ಲೋ ಬೆನ್ನು! ಪೊಲೀಸ್ ಆಗಾಂವೋ, ಬಂಡಿ ಎಳ್ಯಾಂವೋ?"

ಮರುದಿನವೇ ಶಹಾಪುರಕ್ಕೆ ಎಳೆದೊಯ್ದೆ. ಅಲ್ಲಿ ಫಿಸಿಯೋಥೆರಪಿ ಮಾಡುವ ನುಜ್ಹತ ಎಂಬ ಹುಡುಗಿ ಅಂಗಿ ಬಿಚ್ಚಲು ಹೇಳಿದೊಡನೆ ನಮ್ಮ ವೀರ ನನ್ನ ಕಿವಿಗೆ ಬಾಯಿಟ್ಟ.

"ಹೆಣ್ಮಗಳ ಮುಂದ ಹೆಂಗ್ ಬಿಚ್ಚಲಿ ಮಾವಾ?"

"ಫೋನಿನಾಗ ಇಡೀ ಊರಿಗಿ ತೋರಸ್ತಿ. ಇಲ್ಲಿ ನಾಚಿಕಿ ಬಂತೇನು?"

ನುಜ್ಹತ ನಗಲಿಲ್ಲ. ಬೇಕಾದಂತೆ ಬಾಗುವ ಒಂದು ಪಟ್ಟಿಯನ್ನು ಅವನ ಕುತ್ತಿಗೆಯ ಬುಡದಿಂದ ಸೊಂಟದವರೆಗೆ ಒತ್ತಿ, ಆಕಾರ ಕೆಡದಂತೆ ತೆಗೆದು, ಕಾಗದದ ಮೇಲಿಟ್ಟು ಗೆರೆ ಎಳೆದಳು. ಬಿಲ್ಲು ಮೂಡಿತು. ಹಿಮ್ಮಡಿ ಹಚ್ಚಿ ಗೋಡೆಗೆ ನಿಲ್ಲಿಸಿದರೆ ತಲೆಗೂ ಗೋಡೆಗೂ ನಡುವೆ ನನ್ನ ನಾಲ್ಕು ಬೆರಳು ನುಸುಳಿದವು. ಬೋರಲು ಮಲಗಿಸಿ ಎದೆ ಎತ್ತಿಸಿದಾಗ ಆ ಗೂನು ಬಹಳಷ್ಟು ಇಳಿಯಿತು.

"ಎಲುಬಿಂದೇನೂ ದೋಷ ಇಲ್ರಿ. ಎದಿ ಸ್ನಾಯು ಬಿಗದು ಭುಜ ಮುಂದ ಎಳದಾವ. ರೂಢಿ ತಿದ್ದಿದ್ರ ಸರಿ ಆಗ್ತದ. ಸದ್ಯಕ್ಕ ಆ ಬೆಂಚ್ ಬಿಡ್ರಿ," ಎಂದಳು.

"ಎದಿ ಸಣ್ಣ ಆದ್ರ?" ಎಂದ ಶಿವಶರಣ.

"ಮುಚ್ಚಿದ ಛತ್ರಿ ತೆರದ್ರ ಸಣ್ಣ ಆಗ್ತದೇನ್ರಿ?"

ಅವಳು ಕಲಿಸಿದ ವ್ಯಾಯಾಮದಲ್ಲಿ ಪ್ರದರ್ಶನಕ್ಕೆ ಏನೂ ಇರಲಿಲ್ಲ. ಬೋರಲು ಮಲಗಿ ಎದೆ ಎತ್ತುವುದು, ಗೋಡೆಗೆ ಬೆನ್ನು ಹಚ್ಚಿ ಕೈಗಳನ್ನು ಮೇಲೆ ಜಾರಿಸುವುದು, ಸುರುಳಿ ಸುತ್ತಿದ ಕಂಬಳಿಯನ್ನು ಬೆನ್ನಿನಡಿ ಇಟ್ಟು ಅಂಗಾತ ಮಲಗುವುದು. ಜಿಮ್ಮಿನ ಗೆಳೆಯರು ಕಿಟಕಿಯಲ್ಲಿ ಇಣುಕಿ, "ನೋಡ್ರೋ, ಶಿವಶರಣ ಬಾಣಂತನ ಮಾಡಸ್ಕೊಳ್ಳಾಕತ್ತಾನ!" ಎಂದು ಕೂಗಿದರು. ತಮ್ಮ ಬೆನ್ನೂ ಛತ್ರಿಯ ಹಿಡಿಕೆಯಂತೆ ಬಾಗಿದ್ದುದು ಆ ಪಂಡಿತರಿಗೆ ತಿಳಿದಿರಲಿಲ್ಲ. ಅವನು ಎರಡು ಸಲ ಕಂಬಳಿ ಒದ್ದು ಎದ್ದ. ಎರಡು ಸಲವೂ ಚೌಕಟ್ಟಿನ ಹಳೆಯ ಗುರುತನ್ನು ತೋರಿಸಿ ಮಲಗಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ನುಜ್ಹತ ಅದೇ ಕಾಗದದ ಮೇಲೆ ಎಳೆದ ಹೊಸ ಗೆರೆ ಸಾಕಷ್ಟು ನೆಟ್ಟಗಾಗಿತ್ತು.

ಮುಂದಿನ ಭರ್ತಿಯಲ್ಲಿ ಕೋಲು ಅವನ ನೆತ್ತಿಯನ್ನು ಮುಟ್ಟಿಯೇ ನಿಂತಿತು. ಎದೆಯೂ ಕಡಿಮೆ ಬೀಳಲಿಲ್ಲ. ಶಿವಶರಣ ಆಯ್ಕೆಯಾದ.

ಪಟ್ಟಿ ಹೊರಬಿದ್ದದ್ದೇ ತಡ, ರಂಗಂಪೇಟೆಯಲ್ಲಿ ಹಣಮಂತ್ರಾಯನ ಬ್ಯಾನರ್ ಎದ್ದಿತು: 'ನಮ್ಮ ಜಿಮ್ಮಿನ ಹೆಮ್ಮೆ'. ಚಿತ್ರ ಹಳೆಯದು, ಇಣಿ ಸಮೇತ. ಜಿಮ್ಮಿನ ಮುಂದೆಯೇ ಸತ್ಕಾರ ಏರ್ಪಟ್ಟಿತು.

"ಈ ಹುಡುಗ ಎತ್ತರ ಆಗಿದ್ದು ಎಲ್ಲಿ? ನಮ್ಮ ಬೆಂಚಿನ ಮ್ಯಾಲ! ಹೌದಲ್ಲೋ ತಮ್ಮಾ?"

ಶಿವಶರಣ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಗೆಳೆಯರನ್ನು ನೋಡಿದ. "ಹೌದ್ರಿ," ಎಂದು ಹಾರಕ್ಕೆ ಕತ್ತು ಬಗ್ಗಿಸಿದ.

ವೇದಿಕೆಯಿಂದ ಕೆಳಗಿಳಿದು ಬಂದವನನ್ನು ಕೇಳಿದೆ: "ನುಜ್ಹತನ ಹೆಸರು ಹೇಳಾಕ ಬಾಯಿ ಬರಲಿಲ್ಲೇನು?"

"ಹುಡುಗ್ರು ನಗ್ತಾರ ಮಾವಾ."

ಹೇಳುವಾಗಲೇ ಭುಜಗಳು ಮುಂದಕ್ಕೆ ಜೋತಿದ್ದವು. ಬೆನ್ನಿನ ಮೇಲೆ ಅಂಗೈಯಿಂದ ಒಂದು ಬಿಟ್ಟೆ. ನೆಟ್ಟಗಾದ. ಅಷ್ಟರಲ್ಲಿ ಜಿಮ್ಮಿನೊಳಗೆ ಎತ್ತರವಾಗಲೆಂದು ಬೆಂಚಿಗೆ ಹುಡುಗರು ಪಾಳಿ ಹಚ್ಚಿದ್ದರು.