ತಾತ ದಿನವೂ ಹೊಸಬನಾದದ್ದು

ವೆಬ್‌ಸೈಟ್ ಕಟ್ಟುವವರ ನಡುವೆಯೂ ಬಾಯಿಂದ ಬಾಯಿಗೆ ಸಾಗುವ ಕಥೆಗಳುಂಟು. ಇದನ್ನು ಇಬ್ಬರಿಂದ ಕೇಳಿದ್ದೇನೆ. ಒಬ್ಬರು ಹೇಳಿದ್ದರಲ್ಲಿ ಕಥೆಯ ನಾಯಿ ಕುಂಟ, ಇನ್ನೊಬ್ಬರದರಲ್ಲಿ ಕಿವುಡ, ಉಳಿದದ್ದೆಲ್ಲ ಒಂದೇ. ಮುಂದಿನ ಮಾತಿಗೆ ಹೊಂದುವುದರಿಂದ ಕಿವುಡನನ್ನೇ ಉಳಿಸಿಕೊಂಡಿದ್ದೇನೆ.

ದಿಕ್ಕಿಲ್ಲದ ನಾಯಿಗಳ ಆಶ್ರಯವೊಂದನ್ನು ಒಬ್ಬ ಹೆಂಗಸು ನಡೆಸುತ್ತಿದ್ದಳು. ಅದರ ವೆಬ್‌ಸೈಟ್ ಮಾಡಿಕೊಟ್ಟವನು ಅವಳ ಮೈದುನ. ಎಲ್ಲರಿಗಿಂತ ಹೆಚ್ಚು ದಿನ ಕಾದ ನಾಯಿಯೇ ಪಟ್ಟಿಯ ಮೇಲ್ತುದಿಯಲ್ಲಿರಬೇಕು, ಬಂದವರ ಕಣ್ಣು ಮೊದಲು ಅದರ ಮೇಲೆ ಬೀಳಬೇಕು ಎಂಬುದು ಅವಳ ಷರತ್ತು. ನಾಯಿ ಬಂದ ದಿನಾಂಕವನ್ನು ಯಾರೂ ಬರೆಯಬೇಕಿರಲಿಲ್ಲ. ಮೈದುನ ಬರೆದ ಕಂಪ್ಯೂಟರ್ ಕೋಡಿನ ಒಂದು ಸಾಲು ಅದನ್ನು ತಾನಾಗಿಯೇ ತುಂಬುತ್ತಿತ್ತು.

ತಾತ ಎಂದು ಕರೆಸಿಕೊಳ್ಳುತ್ತಿದ್ದ ಮುದಿ ಕಿವುಡು ನಾಯಿಯನ್ನು ಮಾತ್ರ ಯಾರೂ ಕೇಳಿಕೊಂಡು ಬರಲಿಲ್ಲ. ಚಳಿಗಾಲಕ್ಕೆ ಮುಂಚೆ ಬೆಚ್ಚನೆಯ ಮನೆ ಸಿಗದಿದ್ದರೆ ಅವನು ಉಳಿಯುವುದು ಕಷ್ಟವೆಂದು ಪಶುವೈದ್ಯರು ಹೇಳಿದ್ದರು. ಅಂದಿನಿಂದ ಅವಳು ದಿನಬೆಳಗಾದರೆ ತಾತನ ಪುಟ ತೆರೆದು, ಅವನ ಬಗ್ಗೆ ಒಂದು ಒಳ್ಳೆಯ ಮಾತು ಸೇರಿಸಿ, ಬರೆದದ್ದನ್ನು ಉಳಿಸುವ ‘ಸೇವ್’ ಗುಂಡಿ ಒತ್ತುತ್ತಿದ್ದಳು.

ಒಮ್ಮೆ ಊಟಕ್ಕೆ ಬಂದ ಮೈದುನ ಪಟ್ಟಿ ನೋಡುತ್ತ ಕೇಳಿದ: “ಅತ್ತಿಗೆ, ತಾತ ಬಂದಿದ್ದು ಯಾವಾಗ?”

“ನಿನ್ನ ಮದುವೆಗೂ ಮುಂಚೆ. ಯಾಕೋ?”

“ಇಲ್ಲಿ ಇವತ್ತು ಬಂದ ಅಂತಿದೆ. ಎಲ್ಲರಿಗಿಂತ ಕೆಳಗಿದ್ದಾನೆ.”

“ಬೆಳಿಗ್ಗೆ ತಾನೇ ಅವನನ್ನ ಹೊಗಳಿ ಬರೆದೆನಲ್ಲೋ. ದಿನಾ ಬರೀತೀನಿ.”

ಅವನ ಮುಖ ಸಣ್ಣದಾಯಿತು. ನಾಯಿಯ ದಾಖಲೆ ಹುಟ್ಟುವಾಗ ಒಂದೇ ಸಲ ಓಡಿ ದಿನಾಂಕ ತುಂಬಬೇಕಾದ ಸಾಲನ್ನು ಪ್ರತಿಸಲ ಉಳಿಸುವಾಗಲೂ ಓಡುವಂತೆ ಬರೆದುಬಿಟ್ಟಿದ್ದ. ಅವಳು ಹೊಗಳಿದಾಗಲೆಲ್ಲ ತಾತ ಆ ದಿನವೇ ಬಂದ ಹೊಸಬನಾಗಿ ಪಟ್ಟಿಯ ತಳ ಸೇರುತ್ತಿದ್ದ.

“ಅಂದ್ರೆ, ಇಷ್ಟು ದಿನ ನಾನೇ ಅವನನ್ನ ಮೂಲೆಗೆ ತಳ್ತಿದ್ದೆ.”

“ತಳ್ಳಿದ್ದು ನನ್ನ ಕೋಡು ಅತ್ತಿಗೆ. ನೀವು ಬರೀ ಗುಂಡಿ ಒತ್ತಿದ್ರಿ.”

“ಮಾತಿಗೇನೂ ಕಮ್ಮಿಯಿಲ್ಲ. ಮೊದಲು ಸರಿಮಾಡು, ಆಮೇಲೆ ಊಟ.”

ಅವನು ಸಾಲನ್ನು ತಿದ್ದಿದ. ಎತ್ತಿಟ್ಟಿದ್ದ ದಾಖಲೆಗಳ ಹಳೆಯ ಪ್ರತಿಯಿಂದ ನಿಜವಾದ ದಿನಾಂಕವನ್ನು ಹುಡುಕಿ ತಂದ. ತಾತ ಪಟ್ಟಿಯ ತುದಿಗೇರಿದ.

ಚಳಿ ಕಾಲಿಡುವ ಮುನ್ನ ಒಬ್ಬ ದರ್ಜಿ ಅವನನ್ನು ಕೇಳಿಕೊಂಡು ಬಂದ.

“ಇವನಿಗೆ ಕಿವಿ ಕೇಳಿಸಲ್ಲ,” ಎಂದು ಅವಳು ಮೊದಲೇ ಹೇಳಿದಳು.

“ಅದೇ ಬೇಕು ತಾಯಿ. ನನ್ನ ಮಿಷನ್ ಸದ್ದಿಗೆ ಬೆಕ್ಕೂ ಮನೆ ಬಿಟ್ಟು ಹೋಯ್ತು.”

ತಾತ ಹಿಂತಿರುಗಿ ನೋಡದೆ ಹೊರಟ. ಅವಳು ಅವನ ಪುಟ ತೆರೆದು ‘ಮನೆ ಸಿಕ್ಕಿತು’ ಎಂದು ಗುರುತು ಹಾಕಿದಳು. ಉಳಿಸುವ ಮುನ್ನ ಮೈದುನನಿಗೆ ಫೋನು ಮಾಡಿದಳು.

“ಒತ್ತಲೇನೋ?”

“ಧೈರ್ಯವಾಗಿ ಒತ್ತಿ, ಅತ್ತಿಗೆ.”

ಆದರೂ ಒತ್ತುವ ಮುನ್ನ ಸ್ವಲ್ಪ ಹೊತ್ತು ಪುಟದಲ್ಲಿದ್ದ ತಾತನ ಭಾವಚಿತ್ರವನ್ನು ನೋಡುತ್ತಲೇ ಕುಳಿತಿದ್ದಳಂತೆ.