ಇಬ್ಬರ ಉಸಿರಿನ ಹಾಡು

ಗಡಿಬಿಡಿ ಅಂದರೆ ಈಗ ಯಾರಿಗೆ ಗೊತ್ತಿಲ್ಲ? ಬಸ್ಸುಗಳ ಬೆನ್ನ ಮೇಲೆ ಅವನ ಮುಖವಿದೆ. ಕಟಿಂಗ್ ಶಾಪಿನಲ್ಲಿ ಹುಡುಗರು ಅವನ ಫೋಟೋ ತೋರಿಸಿ ಹೀಗೇ ಕತ್ತರಿಸು ಅನ್ನುತ್ತಾರೆ. ಹಿಪ್‌ಹಾಪ್ ಎಂದರೆ ಮೂಗು ಮುರಿಯುತ್ತಿದ್ದ ಮುದುಕರೂ ಅವನ ಹಾಡಿಗೆ ತಲೆ ಆಡಿಸುತ್ತಾರೆ. ಆದರೆ ಆ ಹೆಸರನ್ನು ಇಟ್ಟದ್ದು ಯಾವ ಕಂಪನಿಯೂ ಅಲ್ಲ, ಅವನ ಅಕ್ಕ. ಅರಳು ಹುರಿದಂತೆ ಮಾತಾಡುತ್ತ, ಮಡಚಿದ ಷರಟನ್ನು ಎರಡೆರಡು ಸಲ ನೆಲಕ್ಕೆ ಬೀಳಿಸುವ ತಮ್ಮನಿಗೆ ಅವಳು ಬೇರೆ ಯಾವ ಹೆಸರು ತಾನೇ ಇಟ್ಟಾಳು?

ಆ ಶುಕ್ರವಾರ ಮಧ್ಯಾಹ್ನ ಹುಟ್ಟಿದೂರಿನ ಕ್ರೀಡಾಂಗಣದಲ್ಲಿ ತಾಲೀಮು ನಡೆದಿತ್ತು. ಭಾನುವಾರ ಕಾರ್ಯಕ್ರಮ. ಕೊನೆಗೆ ಅವನ ಮೊಟ್ಟಮೊದಲ ಹಾಡು ಇರಲೇಬೇಕು, ಇಲ್ಲದಿದ್ದರೆ ಜನ ಬಿಡುವುದಿಲ್ಲ. ಆ ಹಾಡಿನಲ್ಲಿ ಎರಡನೆಯ ದನಿಯೊಂದಿದೆ. ಹತ್ತು ವರ್ಷದಿಂದ ಅದು ಕಂಪ್ಯೂಟರಿನಿಂದಲೇ ಬರುತ್ತಿತ್ತು. ಅವತ್ತು ಕಂಪ್ಯೂಟರ್ ಕೈ ಕೊಟ್ಟಿತು. ಇರಲಿ ಬಿಡಿ ಎಂದು ಗಡಿಬಿಡಿ ಬರೀ ಡ್ರಮ್ಮಿನ ಮೇಲೆ ಶುರುಮಾಡಿದ. ನಾಲ್ಕನೆಯ ಸಾಲಿಗೆ ಉಸಿರು ಕಟ್ಟಿತು. ಮತ್ತೆ ಶುರುಮಾಡಿದ, ಮತ್ತೆ ಅಲ್ಲೇ ನಿಂತ. ಮೂರನೆಯ ಸಲಕ್ಕೆ ಕೆಮ್ಮು ಬಂತು.

ಡ್ರಮ್ ಬಾರಿಸುವವಳು ಕೋಲು ಕೆಳಗಿಟ್ಟಳು. "ಅಣ್ಣ, ಬೇಜಾರು ಮಾಡ್ಕೋಬೇಡಿ. ಇದು ಒಬ್ರು ಹಾಡೋ ಹಾಡೇ ಅಲ್ಲ. ಬರೆಯೋವಾಗ ಗೊತ್ತಾಗ್ಲಿಲ್ವಾ?"

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದು, ಗೊತ್ತಿದ್ದ ದಾರಿ ಹಿಡಿದು ನಡೆದ.

ಗೊತ್ತಾಗುವುದಾದರೂ ಹೇಗೆ? ಬರೆಯುವಾಗ ಅವರು ಇಬ್ಬರಿದ್ದರು. ಅಪ್ಪನ ಲಾಂಡ್ರಿಯಲ್ಲಿ ಅಕ್ಕನಿಗೆ ಇಸ್ತ್ರಿ ಮೇಜು, ಇವನಿಗೆ ಮಡಚುವ ಕೆಲಸ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟರೆ ಟಕ್, ಆವಿ ಬಿಟ್ಟರೆ ಸುಸ್ಸ್. ಆ ತಾಳಕ್ಕೆ ಅವರು ದಿನವಿಡೀ ಮಾತು ಕಟ್ಟುತ್ತಿದ್ದರು. ಅವನು ಸಾಲು ಎತ್ತುವುದು. ಉಸಿರು ಮುಗಿಯುವ ಹೊತ್ತಿಗೆ ಕೊನೆಯ ಮಾತುಗಳನ್ನು ಅಕ್ಕ ಹೇಳಿಬಿಡುವುದು. ಅಷ್ಟರಲ್ಲಿ ಅವನು ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಹಾರುವುದು. ಹೀಗಾಗಿ ಸಾಲುಗಳು ಮಾರುದ್ದ ಬೆಳೆದವು. ಇದನ್ನು ಒಂದು ದಿನ ಒಬ್ಬನೇ ಹಾಡಬೇಕಾದೀತು ಎಂಬ ಯೋಚನೆ ಇಬ್ಬರಿಗೂ ಬರಲಿಲ್ಲ. ಎಂಥ ಸುಖದ ಪೆದ್ದುತನ ಅದು!

ರೆಕಾರ್ಡು ಮಾಡಿದ್ದೂ ಅಂಗಡಿಯಲ್ಲೇ, ವಾರದ ರಜೆಯ ದಿನ. ಒಗೆದು ತೂಗುಹಾಕಿದ್ದ ಉಣ್ಣೆ ಕೋಟುಗಳ ಮಧ್ಯೆ ನಿಂತರೆ ದನಿ ಗೋಡೆಗೆ ಹೊಡೆದು ಮರಳುವುದಿಲ್ಲ ಎಂದು ಅಕ್ಕ ಕಂಡುಹಿಡಿದಿದ್ದಳು. ಆದರೆ ಕೋಟುಗಳ ಪ್ಲಾಸ್ಟಿಕ್ ಕವರು ಸರಪರ ಅನ್ನುತ್ತಿತ್ತು. ಸರಿ, ನಲವತ್ತು ಕೋಟುಗಳ ಕವರನ್ನೂ ಕಳಚಿ ಮೂಲೆಗೆ ಎಸೆದರು. ಬೆವರಿಳಿಸುತ್ತ ಹಾಡಿದರು. ಸಂಜೆ ಫೋನಿನಲ್ಲಿ ಕೇಳಿಸಿಕೊಂಡಾಗ ಇಬ್ಬರಿಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕವರುಗಳನ್ನು ಮತ್ತೆ ತೊಡಿಸಲು ಹೋದಾಗಲೇ ಎಡವಟ್ಟು ಗೊತ್ತಾದದ್ದು. ಗಿರಾಕಿಯ ನಂಬರು ಚೀಟಿ ಅಂಟಿಸಿದ್ದು ಕವರಿಗೆ, ಕೋಟಿಗಲ್ಲ.

ಅಂದಾಜಿನ ಮೇಲೆ ತೊಡಿಸಿದರು. ಕತ್ತಲಲ್ಲಿ ಬಾಣ ಬಿಟ್ಟ ಹಾಗಾಯಿತು. ಮರುದಿನ ಕಡ್ಡಿಯಂತಿದ್ದ ವಕೀಲರೊಬ್ಬರು ಪೈಲ್ವಾನನ ಕೋಟಿನಲ್ಲಿ ನ್ಯಾಯಾಲಯಕ್ಕೆ ಹೋದರು. ಮದುಮಗನೊಬ್ಬ ಮೊಣಕೈವರೆಗೆ ಬರುವ ತೋಳಿನಲ್ಲಿ ಫೋಟೋ ತೆಗೆಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಕೌಂಟರಿನ ಮುಂದೆ ದೊಡ್ಡ ಜಾತ್ರೆ.

"ಯಾರು ಮಾಡಿದ್ದು?" ಅಪ್ಪ ಕೇಳಿದರು.

"ನಾನೇ," ಅಂದಳು ಅಕ್ಕ.

"ಇನ್ಮೇಲೆ ಬಾಯಿ ಮುಚ್ಕೊಂಡು ಕೆಲಸ ಮಾಡು."

ಬಡಬಡ ಅನ್ನುವ ಹುಡುಗ ಅವತ್ತು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಬೈಗುಳದ ಭಯ ಸ್ವಲ್ಪ. ಮುಂದಿನ ವಾರದ ಹಾಡಿನ ಸ್ಪರ್ಧೆಗೆ ಅಪ್ಪ ಕಳಿಸದೇ ಹೋದರೆ ಎಂಬ ಭಯ ಬೆಟ್ಟದಷ್ಟು. ಸ್ಪರ್ಧೆಗೆ ಒಬ್ಬನೇ ಹೋದ, ಅಕ್ಕನ ದನಿಯನ್ನು ಫೋನಿನಲ್ಲಿ ಹಾಕಿಕೊಂಡು. ಗೆದ್ದ. ಹಾಡು ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಹಾರಿ, ಒಂದು ತಿಂಗಳಲ್ಲಿ ಬಸ್ಸು, ಹೋಟೆಲು, ಕಾಲೇಜಿನ ಮೆಟ್ಟಿಲು ಎಲ್ಲ ಕಡೆ ಕೇಳತೊಡಗಿತು. ಕಂಪನಿಯವರು ಕರೆದರು. ದೊಡ್ಡ ಊರಿಗೆ ಹೋದ. ಮೊದಲು ಬೇರೆಯವರ ಕಾರ್ಯಕ್ರಮದಲ್ಲಿ ಎರಡು ಹಾಡು, ಆಮೇಲೆ ತನ್ನದೇ ಆಲ್ಬಂ, ಆಮೇಲೆ ಪ್ರಶಸ್ತಿ, ವಿಮಾನ, ತುಂಬಿದ ಮೈದಾನಗಳು. ಎರಡನೆಯ ದನಿ ಯಾರದೆಂದು ಕೇಳಿದವರಿಗೆ "ಹಳೇ ಪರಿಚಯದವರು" ಎಂದು ಹೇಳಿ ಮಾತು ತೇಲಿಸಿದ. ಅಕ್ಕನಿಗೆ ವಾಚು ತಂದ, ಸೆಂಟು ತಂದ. ಅವಳು "ಚೆನ್ನಾಗಿದೆ ಕಣೋ" ಎಂದು ಒಳಗಿಟ್ಟಳು. ಅವಳಿಗೆ ಹಾಡಿನ ಮೇಲೆ ಈಗ ಮನಸ್ಸಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಅಂದುಕೊಳ್ಳುವುದು ಸಲೀಸಾಗಿತ್ತು.

ಈಗ ಅಂಗಡಿ ಅಕ್ಕನದು. ಅಪ್ಪ ಇಸ್ಪೀಟಿನ ಗೆಳೆಯರನ್ನು ಹುಡುಕಿಕೊಂಡಿದ್ದಾರೆ. ಮೇಜು ಅದೇ, ಇಸ್ತ್ರಿಪೆಟ್ಟಿಗೆ ಹೊಸದು, ಬಿಸಿ ಬಟ್ಟೆಯ ವಾಸನೆ ಮಾತ್ರ ಒಂದಿಷ್ಟೂ ಬದಲಾಗಿಲ್ಲ. ಅವನು ಒಳಗೆ ಬಂದು ಕೌಂಟರಿಗೆ ಒರಗಿ ನಿಂತ.

"ಏನೋ, ಕಾರು ಕೆಟ್ಟೋಯ್ತಾ? ನಡ್ಕೊಂಡು ಬಂದಿದೀಯ." ಅವಳ ಕೈ ನಿಲ್ಲಲಿಲ್ಲ.

"ಅಕ್ಕ, ಭಾನುವಾರ ನೀನು ಬರ್ಬೇಕು."

"ಬರ್ತೀನಲ್ಲ. ಪಾಸ್ ಕಳ್ಸಿದೀಯ, ಮುಂದಿನ ಸೀಟಿಂದು."

"ಕೂರೋಕಲ್ಲ. ಸ್ಟೇಜ್ ಮೇಲೆ, ನನ್ನ ಜೊತೆ."

ಅವಳು ಷರಟಿನ ತೋಳನ್ನು ನೇರ ಮಾಡಿದಳು. "ಕಂಪ್ಯೂಟರ್ ಕೆಟ್ಟಿತಾ?"

ಅವನಿಗೆ ಮುಖ ಎಲ್ಲಿಡಲಿ ಎನಿಸಿತು. "ಕೆಟ್ಟಿತು. ಅದಕ್ಕೇ ಬುದ್ಧಿ ಬಂತು ಅಂತಿಟ್ಕೋ. ಆವತ್ತು ಕೋಟಿನ ವಿಷಯದಲ್ಲಿ ನಾನೂ ಇದ್ದೆ ಅಂತ ಅಪ್ಪನಿಗೆ ಹೇಳ್ಬೇಕಿತ್ತು. ನಿನ್ನ ಹಾಡು ನಿಂತಿದ್ದು ಅದರಿಂದ."

"ಅಪ್ಪ ಎರಡೇ ತಿಂಗಳಿಗೆ ಮರೆತ್ರು. ಯಾಕಮ್ಮ ಅಂಗಡಿ ಇಷ್ಟು ಸಪ್ಪಗಿದೆ ಅಂತ ಅವರೇ ಕೇಳಿದ್ರು."

"ಮತ್ತೆ ನೀನ್ಯಾಕೆ ಬಿಟ್ಟೆ?"

"ನಾನೆಲ್ಲಿ ಬಿಟ್ಟೆ? ನೀನು ಕರೀಲಿಲ್ಲ."

ಅವಳು ಅದನ್ನು ಕೋಪದಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನಿಗೆ ಅತ್ತುಬಿಡಬೇಕು ಅನ್ನಿಸಿತು. ಅಳುವ ಬದಲು, ಬೇರೇನೂ ತೋಚದೆ, ಕೌಂಟರಿನ ಮೇಲೆ ಬೆರಳಿನಿಂದ ತಾಳ ಹಾಕಿದ.

ಅಕ್ಕ ಒಂದು ಕ್ಷಣ ಕೇಳಿಸಿಕೊಂಡಳು. ಆಮೇಲೆ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಅವಳೇ ಶುರುಮಾಡಿದಳು.

"ಕಾಲರ್ ಕೊಳೆಯ ಕಂಡ ಕಣ್ಣಿಗೆ ಬೆನ್ನ ಬೆವರು ಕಾಣಲಿಲ್ಲವಾ, ಕೈಯ ಹಿಡಿದು ಮೇಲಕ್ಕೆತ್ತಿದವರು ಕಾಲ ಕಸ ಆದರಾ..."

ತನ್ನ ಸರದಿ ಬರಲಿ ಎಂದು ಅವನು ಬಾಯಿ ತೆರೆದು ಕಾದ. ಬರಲಿಲ್ಲ. ಅವನ ಸಾಲು, ಅವಳ ಕೊನೆಯ ಮಾತು, ಮತ್ತೆ ಅವನ ಸಾಲು, ಎಲ್ಲವನ್ನೂ ಅವಳು ಒಬ್ಬಳೇ ಹೇಳುತ್ತಿದ್ದಳು. ಬಟ್ಟೆ ಮಗುಚುವಾಗ ಸಾಲಿನ ನಡುವೆಯೇ ಇಷ್ಟಿಷ್ಟು ಉಸಿರು ಕದಿಯುತ್ತಿದ್ದಳು. ನಾಲ್ಕನೆಯ ಸಾಲು ದಾಟಿತು, ಎಂಟನೆಯದೂ ದಾಟಿತು. ತುಂಬಿದ ಮೈದಾನಗಳನ್ನು ಕುಣಿಸಿದವನಿಗೆ ಆ ಪುಟ್ಟ ಅಂಗಡಿಯಲ್ಲಿ ಬಾಯಿ ಹಾಕಲು ಜಾಗ ಸಿಗಲಿಲ್ಲ. ಪೂರ್ತಿ ಮುಗಿಸಿದ ಮೇಲೇ ಅವಳು ತಲೆ ಎತ್ತಿದ್ದು. ಅವನ ತೆರೆದ ಬಾಯಿ ನೋಡಿ ಅವಳಿಗೆ ಒಮ್ಮೆಲೇ ಅರ್ಥವಾಯಿತು.

"ಅಯ್ಯೋ, ನಿಂಗೆ ಜಾಗಾನೇ ಬಿಡ್ಲಿಲ್ಲ ನೋಡು," ಅಂದಳು ಅಕ್ಕ, ತಪ್ಪು ತನ್ನದೇ ಎಂಬಂತೆ. "ಹತ್ತು ವರ್ಷದಿಂದ ಒಬ್ಳೇ ಹೇಳಿ ಹೇಳಿ ಅಭ್ಯಾಸ ಆಗ್ಬಿಟ್ಟಿದೆ ಕಣೋ."